ಫುಟ್‌ಪಾತ್ ಹತ್ತಿದ ಜಪಾನಿನ ಸೈಕಲ್‌ಗಳು ಯಾಕೆ ಇಳಿಯುತ್ತಿಲ್ಲ?

ಜಪಾನಿನಲ್ಲಿ ಸೈಕಲ್ ಅಂದರೆ ಕಾನೂನಿನ ಲೆಕ್ಕದಲ್ಲಿ ಒಂದು ವಾಹನ. 1960ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ಅದು ರಸ್ತೆಯ ಎಡ ಅಂಚಿನಲ್ಲೇ ಸಾಗಬೇಕು. ಆದರೆ ಟೋಕಿಯೊದಲ್ಲೋ ಒಸಾಕಾದಲ್ಲೋ ಫುಟ್‌ಪಾತ್ ಮೇಲೆ ನಿಂತು ನೋಡಿ. ಮುಂದೆ ಬುಟ್ಟಿ, ಹಿಂದೆ ಮಗು ಇರುವ ಮಮಚಾರಿ ಸೈಕಲ್‌ಗಳು ನಡೆಯುವವರ ಮಧ್ಯೆಯೇ ನುಸುಳಿಕೊಂಡು ಹೋಗುತ್ತಿರುತ್ತವೆ.

ಇದು ಶುರುವಾಗಿದ್ದು 1970ರಲ್ಲಿ. ಆ ವರ್ಷ ಜಪಾನಿನ ರಸ್ತೆಗಳಲ್ಲಿ 16,765 ಜನ ಸತ್ತರು. ಜನ ಅದನ್ನು ‘ಸಂಚಾರ ಯುದ್ಧ’ ಅಂತಲೇ ಕರೆಯುತ್ತಿದ್ದರು. ಕಾರು, ಲಾರಿಗಳ ಸಂಖ್ಯೆ ಏರುತ್ತಲೇ ಇತ್ತು. ಸೈಕಲ್‌ಗೆ ಬೇರೆ ದಾರಿ ಕಟ್ಟಲು ದುಡ್ಡು ಬೇಕು, ಜಾಗ ಬೇಕು, ವರ್ಷಗಳು ಬೇಕು. ಫುಟ್‌ಪಾತ್ ಹೇಗೂ ಇತ್ತಲ್ಲ! ಸರಿ, ಅನುಮತಿಯ ಫಲಕ ಇರುವ ಕಡೆ ಸೈಕಲ್ ಫುಟ್‌ಪಾತ್ ಹತ್ತಬಹುದು ಅಂತ ಕಾಯ್ದೆ ತಿದ್ದಿದರು. 1978ರಲ್ಲಿ ಇನ್ನಷ್ಟು ನಿಯಮ ಬಂತು: ಸೈಕಲ್ ಅಗಲ 60 ಸೆಂಟಿಮೀಟರ್ ಮೀರಬಾರದು, ರಸ್ತೆ ಕಡೆಯ ಅರ್ಧದಲ್ಲಿ ನಿಧಾನವಾಗಿ ಹೋಗಬೇಕು, ನಡೆಯುವವರಿಗೆ ಅಡ್ಡಿಯಾದರೆ ನಿಲ್ಲಬೇಕು.

ತಾತ್ಕಾಲಿಕ ಅಂತ ಮಾಡಿದ್ದೇ ಕಾಯಂ ಆಯಿತು. ಅದೇ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲೂ ರಸ್ತೆ ಸಾವು ವಿಪರೀತವಾಗಿತ್ತು. ಅಲ್ಲಿ ಜನ ಬೀದಿಗಿಳಿದರು, ಸೈಕಲ್‌ಗೆ ಪ್ರತ್ಯೇಕ ದಾರಿಗಳು ಬಂದವು. ಜಪಾನಿನಲ್ಲಿ ಮಾತ್ರ ಸೈಕಲ್‌ಗಳು ಹೇಗೂ ಮೇಲೆ ಹೋದವಲ್ಲ ಅಂತ ರಸ್ತೆಯಲ್ಲಿ ಅವಕ್ಕೆ ಜಾಗ ಬಿಡುವ ಗೋಜೇ ತಪ್ಪಿತು. ನನ್ನ ಪ್ರಕಾರ 1970ರ ತಿದ್ದುಪಡಿಯಿಂದ ಆದ ದೊಡ್ಡ ನಷ್ಟ ಇದೇ.

ಹಾಗಾದರೆ ಫುಟ್‌ಪಾತ್ ಸೇಫ್ ಅಲ್ವಾ? ನೇರ ದಾರಿಯಲ್ಲಿ ಹೌದು, ಹಿಂದಿನಿಂದ ಲಾರಿ ಬಂದು ಗುದ್ದುವ ಭಯ ಇಲ್ಲ. ಅಪಾಯ ಕಾದಿರುವುದು ತಿರುವಿನಲ್ಲಿ. ಎಡಕ್ಕೆ ತಿರುಗುವ ಕಾರಿನವನ ಗಮನ ರಸ್ತೆ ಮೇಲಿರುತ್ತದೆ. ಫುಟ್‌ಪಾತ್ ಕಡೆ ಕಣ್ಣು ಹಾಯಿಸಿದರೂ ಅವನು ನಿರೀಕ್ಷಿಸುವುದು ನಡಿಗೆಯ ವೇಗ. ನಿಲ್ಲಿಸಿದ ವ್ಯಾನಿನ ಮರೆಯಿಂದ ಅದಕ್ಕಿಂತ ಮೂರು ಪಟ್ಟು ಜೋರಾಗಿ ಸೈಕಲ್ ಬಂದರೆ ಬ್ರೇಕ್ ಒತ್ತಲೂ ಸಮಯ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಅಪಘಾತಗಳ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದೂ ಇದನ್ನೇ. ಫುಟ್‌ಪಾತ್ ಅಥವಾ ಸೈಕಲ್ ಪಥದಲ್ಲಿ ಹೋಗುವವರಿಗೆ ಸರಾಸರಿ ಅಪಾಯ ರಸ್ತೆಯಲ್ಲಿ ಹೋಗುವವರಿಗಿಂತ 1.8 ಪಟ್ಟು. ವಾಹನಗಳಿಗೆ ಎದುರು ದಿಕ್ಕಿನಲ್ಲಿ ಹೋದರೆ ಇನ್ನೂ ಜಾಸ್ತಿ. ಫುಟ್‌ಪಾತ್ ಹತ್ತಿದವರು ಹಾಗೆ ಎದುರಾಗಿ ಹೋಗುವುದೂ ಹೆಚ್ಚು.

ಆದರೂ ಮಗುವನ್ನು ಕೂರಿಸಿಕೊಂಡ ತಾಯಿಗೆ ಈ ಲೆಕ್ಕ ಹೇಳಿ ರಸ್ತೆಗೆ ಇಳಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಸರ್ಕಾರಕ್ಕೂ ಅದೇ ಇಕ್ಕಟ್ಟು. 2008ರಲ್ಲಿ 13 ವರ್ಷದ ಒಳಗಿನವರು, 70 ದಾಟಿದವರು, ಅಂಗವಿಕಲರು ಫಲಕ ಇಲ್ಲದ ಕಡೆಯೂ ಫುಟ್‌ಪಾತ್ ಬಳಸಬಹುದು ಎಂದರು. ಜೊತೆಗೆ ‘ಅನಿವಾರ್ಯವಾದಾಗ’ ಯಾರು ಬೇಕಾದರೂ! 2011ರಲ್ಲಿ ಪೊಲೀಸ್ ಇಲಾಖೆ ಉಲ್ಟಾ ಹೊಡೆಯಿತು: ಸೈಕಲ್ ವಾಹನ, ರಸ್ತೆಯೇ ಅದರ ಜಾಗ, 3 ಮೀಟರ್‌ಗಿಂತ ಕಿರಿದಾದ ಫುಟ್‌ಪಾತ್‌ಗಳಿಗೆ ಕೊಟ್ಟ ಅನುಮತಿಯನ್ನು ಮತ್ತೆ ಪರಿಶೀಲಿಸಬೇಕು. 2026ರ ಏಪ್ರಿಲ್ 1ರಿಂದ ದಂಡದ ಚೀಟಿ. 16 ವರ್ಷ ದಾಟಿದವರು ನಿಯಮ ಮುರಿದು ಫುಟ್‌ಪಾತ್ ಮೇಲೆ ಓಡಿಸಿದರೆ 6,000 ಯೆನ್. ಆದರೆ ಸುಮ್ನೆ ನಿಧಾನಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ, ಜೋರಾಗಿ ನುಗ್ಗಿ ಜನರನ್ನು ಹೆದರಿಸುವವರಿಗೆ ಚೀಟಿ ಅಂತ ಪೊಲೀಸರೇ ಹೇಳಿದ್ದಾರೆ.

ಅದೇ ದಿನದಿಂದ ಕಾರುಗಳಿಗೂ ಒಂದು ನಿಯಮ: ಸೈಕಲ್ಲನ್ನು ಹಿಂದಿಕ್ಕುವಾಗ ಸಾಕಷ್ಟು ಅಂತರ ಬಿಡಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ನನಗೆ ದಂಡಕ್ಕಿಂತ ಇದೇ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಕೆಳಗಿಳಿದವರಿಗೆ ಹೆಚ್ಚಿನ ಕಡೆ ಸಿಗುವುದು ರಸ್ತೆ ಅಂಚಿಗೆ ಬಳಿದ ನೀಲಿ ಬಾಣದ ಗುರುತುಗಳಷ್ಟೇ. ಅವು ದಾರಿ ತೋರಿಸುತ್ತವೆ ಅಷ್ಟೇ, ಕಾನೂನಿನ ಬಲ ಅವಕ್ಕಿಲ್ಲ. ಡೆಲಿವರಿ ವ್ಯಾನ್ ಅದರ ಮೇಲೇ ನಿಂತಿದ್ದರೆ ಸೈಕಲ್‌ನವರು ಬಲಕ್ಕೆ, ಲಾರಿಗಳ ಸಾಲಿಗೇ ಸರಿಯಬೇಕು.