ದೇವಯ್ಯನವರ ಮಹಾವೀರ ಚಕ್ರಕ್ಕೆ 23 ವರ್ಷ ಯಾಕೆ ಬೇಕಾಯ್ತು?

ಪ್ರಶ್ನೆ: ಸ್ಕ್ವಾಡ್ರನ್ ಲೀಡರ್ ದೇವಯ್ಯ ಪಾಕಿಸ್ತಾನದ ವಿಮಾನ ಹೊಡೆದುರುಳಿಸಿದ್ದು 1965ರಲ್ಲಿ. ಪದಕ ಬಂದಿದ್ದು 1988ರಲ್ಲಿ. ಅಷ್ಟು ವರ್ಷ ಸರ್ಕಾರ ನಿದ್ದೆ ಮಾಡ್ತಿತ್ತಾ?

ಸೆಪ್ಟೆಂಬರ್ ಬಂತು ಅಂದರೆ ಈ ಪ್ರಶ್ನೆಯೂ ಬಂತು. ಕೇಳುವವರು ಬೇರೆ ಬೇರೆ, ಸಿಟ್ಟು ಮಾತ್ರ ಅದೇ. ಉತ್ತರ ಬರೆದು ಬರೆದು ನನಗೂ ಸಾಕಾಗಿದೆ. ಈ ಸಲ ಬಿಡಿಸಿಯೇ ಹೇಳ್ತೀನಿ.

ಕೊಡಗಿನ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ವಾಯುಸೇನೆ ಸೇರಿದ್ದು 1954ರಲ್ಲಿ. ಯುದ್ಧ ಶುರುವಾದಾಗ ಅವರು ಹುಡುಗರಿಗೆ ವಿಮಾನ ಹಾರಿಸೋದು ಕಲಿಸುತ್ತಿದ್ದ ಮೇಷ್ಟ್ರು. ಅಲ್ಲಿಂದ ನಂ. 1 ಸ್ಕ್ವಾಡ್ರನ್‌ಗೆ ಬಂದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಆದಂಪುರದಿಂದ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಪಟ್ಟಿಯಲ್ಲಿ ದೇವಯ್ಯ ಬರೀ ಸ್ಟ್ಯಾಂಡ್‌ಬೈ. ಒಂದು ವಿಮಾನ ತಂಡದಿಂದ ಹೊರಬಿತ್ತು, ಆ ಜಾಗಕ್ಕೆ ಇವರು ಹೋದರು. ಸ್ಕ್ವಾಡ್ರನ್ನಿನ ಉಳಿದವರು ವಾಪಸ್ ಬಂದರು. ಇವರು ಬರಲಿಲ್ಲ.

ಈಗ ಆ "ದೆಹಲಿಯಲ್ಲಿ ಫೈಲ್ ಧೂಳು ಹಿಡಿದು ಕೂತಿತ್ತು" ಅನ್ನುವ ಕತೆಗೆ ಬರೋಣ. ಸ್ವಾಮಿ, ಆ ಫೈಲಿನಲ್ಲಿ ಬರೆಯೋದಕ್ಕೆ ಏನಿತ್ತು? ದಾಳಿ ಮಾಡಿದವರು ಬಾಂಬು ಹಾಕಿ, ನೆಲಕ್ಕೆ ಅಂಟಿಕೊಂಡ ಹಾಗೆ ಹಾರುತ್ತಾ ಮನೆ ಕಡೆ ಓಡುತ್ತಿದ್ದರು. ಇಂಧನ ಲೆಕ್ಕದ್ದು. ಹಿಂದೆ ಏನಾಯಿತು ಅಂತ ನಮ್ಮವರೊಬ್ಬರೂ ನೋಡಲಿಲ್ಲ. ಗುಂಡು ಹಾರಿಸುವಾಗ ಚಿತ್ರ ತೆಗೆಯುವ ಗನ್ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದ್ದರೂ ಅದು ವಿಮಾನದ ಜೊತೆಗೇ ಹೋಯಿತು. ದಾಖಲೆಗೆ ಬಿದ್ದದ್ದು ಒಂದೇ ಮಾತು: ನಾಪತ್ತೆ. ನಾಪತ್ತೆ ಅಂತ ಇರುವವರಿಗೆ ಯಾವ ಸಾಹಸಕ್ಕೆ ಅಂತ ಪದಕ ಬರೆಯೋದು?

ನಡೆದದ್ದು ಕಣ್ಣಾರೆ ಗೊತ್ತಿದ್ದ ಪೈಲಟ್ ಗಡಿಯಾಚೆ ಇದ್ದರು. ಅವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ತಮ್ಮ ಸ್ಟಾರ್‌ಫೈಟರ್ ಯುದ್ಧವಿಮಾನದಿಂದ ದೇವಯ್ಯನವರ ಮಿಸ್ಟೇರ್‌ಗೆ ಗುಂಡು ಹೊಡೆದರು. ಇದರ ಕತೆ ಮುಗೀತು ಅಂದುಕೊಂಡರು. ಮುಗಿದಿರಲಿಲ್ಲ. ಏಟು ತಿಂದ ಮಿಸ್ಟೇರ್ ಮತ್ತೆ ಮೇಲೆ ಬಿದ್ದು ಸ್ಟಾರ್‌ಫೈಟರನ್ನೇ ಹೊಡೆಯಿತು. ದೇವಯ್ಯ ಅಲ್ಲೇ ತೀರಿಕೊಂಡರು.

ಈ ವಿವರ ಹೊರಬಂದದ್ದು 1979ರಲ್ಲಿ, ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಒಬ್ಬ ಬ್ರಿಟಿಷ್ ಲೇಖಕ ಬರೆದಾಗ. ಆಮೇಲಷ್ಟೇ ಇಲ್ಲಿ ಲೆಕ್ಕ ಕೂಡಿತು. ಆ ದಿನ ಸ್ಕ್ವಾಡ್ರನ್ ಮುನ್ನಡೆಸಿದ್ದ ತನೇಜಾ ಪಟ್ಟು ಹಿಡಿದು ಕೇಳಿದರು. 1988ರಲ್ಲಿ ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರಿತು.

"1979ರಿಂದ 1988, ಅದೂ ಒಂಬತ್ತು ವರ್ಷ ಆಯ್ತಲ್ಲ?" ಆಯ್ತು. ಅದಕ್ಕೆ ಬೇಕಾದರೆ ಬೈಯಿರಿ, ನಾನು ಅಡ್ಡ ಬರಲ್ಲ. ಅದಕ್ಕೂ ಹಿಂದಿನ 14 ವರ್ಷವನ್ನು ಮಾತ್ರ ಸುಮ್ನೆ ಯಾರ ತಲೆಗೂ ಕಟ್ಟಬೇಡಿ. (ಹಾಗೆಯೇ, ಅವರಿಗೆ ಪರಮವೀರ ಚಕ್ರ ಬಂದಿಲ್ಲ. ವಾಯುಸೇನೆಯಲ್ಲಿ ಅದು ಬಂದದ್ದು 1971ರ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಒಬ್ಬರಿಗೇ.)

ಯಾರೂ ಕೇಳದ ಪ್ರಶ್ನೆ ಒಂದಿದೆ, ನನಗೆ ಅದೇ ಜಾಸ್ತಿ ಇಷ್ಟ. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಅದರ ಅರ್ಧಕ್ಕೆ ಏದುಸಿರು ಬಿಡುವಂಥದ್ದು. ಮತ್ತೆ ಹೊಡೆದದ್ದು ಹೇಗೆ? ಸ್ಟಾರ್‌ಫೈಟರ್‌ನ ರೆಕ್ಕೆ ನೋಡಿ. ಗಿಡ್ಡ ಗಿಡ್ಡ, ಅಂಚು ಮಾತ್ರ ಎಷ್ಟು ಹರಿತ ಅಂದರೆ, ನೆಲದ ಮೇಲೆ ನಿಂತಾಗ ಕೆಲಸದವರಿಗೆ ಗಾಯ ಆಗದಿರಲಿ ಅಂತ ಅದಕ್ಕೆ ಕವಚ ಹಾಕುತ್ತಿದ್ದರು. ನೇರ ಓಡೋದಕ್ಕೆ ಆ ರೆಕ್ಕೆ ಸಾಕು, ತಿರುಗೋದಕ್ಕೆ ಸಾಲದು. ಹೊಡೆದು ಹಾಗೇ ದಾಟಿ ಹೋದರೆ ಅದನ್ನು ಹಿಡಿಯೋರಿಲ್ಲ. ನೆಲದ ಹತ್ತಿರ, ನಿಧಾನದ ವಿಮಾನದ ಜೊತೆ ಸುತ್ತೋಕೆ ಇಳಿದರೆ ಪ್ರತಿ ತಿರುವಿಗೂ ವೇಗ ಸೋರಿ ಹೋಗುತ್ತದೆ. ಮಿಸ್ಟೇರ್ ಒಳಗಿನಿಂದ ಚಿಕ್ಕದಾಗಿ ತಿರುಗಿ ಎದುರಿಗೆ ಬರುತ್ತದೆ, 30 ಮಿ.ಮೀ. ಗನ್ನುಗಳ ಸಮೇತ.

ಅಮ್ಜದ್ ಹುಸೇನ್ ವಿಮಾನದಿಂದ ಹೊರಜಿಗಿದು ಪ್ಯಾರಾಚೂಟಿನಲ್ಲಿ ಇಳಿದರು. ಅವರು ಬದುಕಿದ್ದಕ್ಕೇ ನಮಗೆ ವಿಷಯ ಗೊತ್ತಾಗಿದ್ದು.