ಊರೇ ಇಲ್ಲದ ಗುಡ್ಡದಲ್ಲಿ ಜಂಕ್ಷನ್ ಕಟ್ಟಿದ್ದೇಕೆ?

ಓದುಗರ ಪ್ರಶ್ನೆ: ಸ್ಕಾಟ್ಲೆಂಡಿನ ರಿಕರ್ಟನ್ ಜಂಕ್ಷನ್‌ಗೆ ರಸ್ತೆಯೇ ಇರಲಿಲ್ಲವೆಂದು ಕೇಳಿದ್ದೇನೆ. ಜನವಸತಿಯಿಲ್ಲದ ಕಡೆ ಅಷ್ಟು ದೊಡ್ಡ ನಿಲ್ದಾಣ ಕಟ್ಟಿದ್ದಾದರೂ ಏಕೆ?

ಅರಸೀಕೆರೆ, ಬೀರೂರುಗಳನ್ನು ಕಂಡು ಬೆಳೆದ ನಮಗೆ ಜಂಕ್ಷನ್ ಎಂದರೆ ಸಂತೆ, ಹೋಟೆಲು, ಜನಜಂಗುಳಿ ಎಂಬ ಕಲ್ಪನೆ ಸಹಜ. ಆದರೆ ಜಂಕ್ಷನ್ ಎಲ್ಲಿರಬೇಕೆಂಬುದನ್ನು ಅನೇಕ ಕಡೆ ಗೊತ್ತುಮಾಡುವುದು ಜನರಲ್ಲ, ನೆಲದ ಏರಿಳಿತ ಮತ್ತು ಕಂಪನಿಗಳ ಲೆಕ್ಕಾಚಾರ. ರಿಕರ್ಟನ್‌ನಲ್ಲಿ ಇವೆರಡೂ ಸೇರಿಕೊಂಡವು.

ಎಡಿನ್‌ಬರೋದಿಂದ ಹಾಯಿಕ್ ಪಟ್ಟಣದವರೆಗೆ 1849ರಲ್ಲೇ ಹಳಿ ಹಾಕಿಸಿದ್ದ ನಾರ್ತ್ ಬ್ರಿಟಿಷ್ ರೈಲ್ವೆ ಕಂಪನಿಗೆ ದಕ್ಷಿಣಕ್ಕೆ ಇಂಗ್ಲೆಂಡಿನ ಕಾರ್ಲೈಲ್ ನಗರವನ್ನು ಮುಟ್ಟುವ ಹಂಬಲವಿತ್ತು. 1862ರಲ್ಲಿ ಪೂರ್ಣಗೊಂಡ, ಸುಮಾರು 158 ಕಿ.ಮೀ. ಉದ್ದದ ಈ ಹಾದಿಗೆ ಸ್ಕಾಟ್ಲೆಂಡಿನ ಲೇಖಕ ವಾಲ್ಟರ್ ಸ್ಕಾಟ್‌ನ 'ವೇವರ್ಲಿ' ಕಾದಂಬರಿಗಳ ನೆನಪಿನಲ್ಲಿ 'ವೇವರ್ಲಿ ಮಾರ್ಗ' ಎಂಬ ಹೆಸರು ಬಂತು. ಅದೇ ವೇಳೆಗೆ ಇಂಗ್ಲೆಂಡಿನ ಹೆಕ್ಸಮ್‌ನಿಂದ ಗಡಿಯ ಬೆಟ್ಟಗಳನ್ನು ದಾಟಿ ಬರುವ, ಸುಮಾರು 67 ಕಿ.ಮೀ. ಉದ್ದದ ಬಾರ್ಡರ್ ಕೌಂಟೀಸ್ ಮಾರ್ಗವನ್ನೂ ಕಂಪನಿ ತನ್ನದಾಗಿಸಿಕೊಂಡಿತು. ಪ್ಲಾಶೆಟ್ಸ್ ಎಂಬಲ್ಲಿನ ಕಲ್ಲಿದ್ದಲು ಈ ಮಾರ್ಗದ ಒಂದು ಆಸೆಯಾದರೆ, ಪ್ರತಿಸ್ಪರ್ಧಿಗಳ ಹಂಗಿಲ್ಲದೆ ನ್ಯೂಕ್ಯಾಸಲ್ ತಲುಪುವುದು ಇನ್ನೊಂದು. ಹೆಕ್ಸಮ್‌ನಿಂದ ಮುಂದೆ ನ್ಯೂಕ್ಯಾಸಲ್‌ವರೆಗೆ ತನ್ನ ಗಾಡಿ ಓಡಿಸುವ ಹಕ್ಕು ಪಡೆಯಲು ಅದು ಪ್ರತಿಸ್ಪರ್ಧಿ ನಾರ್ತ್ ಈಸ್ಟರ್ನ್ ರೈಲ್ವೆಗೆ ಗಡಿ ಪಟ್ಟಣವಾದ ಬೆರಿಕ್‌ನಿಂದ ಎಡಿನ್‌ಬರೋದವರೆಗೆ ಎಂಜಿನ್ ತರುವ ಹಕ್ಕನ್ನು ಬಿಟ್ಟುಕೊಟ್ಟಿತು. ಇದನ್ನು ಆನೆ ಕೊಟ್ಟು ಆಡು ತಂದ ವ್ಯಾಪಾರ ಎನ್ನದೆ ವಿಧಿಯಿಲ್ಲ. ಕಲ್ಲಿದ್ದಲಿನ ನಿರೀಕ್ಷೆಯೂ ಕೈಗೂಡಲಿಲ್ಲ.

ಈ ಎರಡು ಹಳಿಗಳು ಎಲ್ಲಾದರೂ ಕೂಡಲೇಬೇಕಿತ್ತು. ವೇವರ್ಲಿ ಮಾರ್ಗವು ವಿಟ್ರೋಪ್ ಸುರಂಗದ ಎತ್ತರಕ್ಕೆ, ಅಂದರೆ ಸಮುದ್ರಮಟ್ಟದಿಂದ ಸುಮಾರು 300 ಮೀಟರಿಗೆ, ಏರಬೇಕಾಗಿದ್ದುದರಿಂದ ಕಾರ್ಲೈಲ್ ಕಡೆಯಿಂದ ಬರುವಾಗ ನ್ಯೂಕ್ಯಾಸಲ್‌ಟನ್ ಗ್ರಾಮ ದಾಟಿದೊಡನೆಯೇ ಕಣಿವೆಯ ತಳವನ್ನು ಬಿಟ್ಟು ಬೆಟ್ಟದ ಪಕ್ಕೆಯನ್ನು ಹಿಡಿದು ಹತ್ತುತ್ತಿತ್ತು. ಪೂರ್ವದಿಂದ ಬಂದ ಹಳಿ ಅದನ್ನು ಸೇರಿದ್ದು ಆ ಪಕ್ಕೆಯ ಮೇಲೆಯೇ. ಕೂಡುವ ಜಾಗದ ಸುತ್ತ ಕುರಿ ಮೇಯುವ ಗುಡ್ಡಗಳನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಹೀಗಿದ್ದೂ ಅಲ್ಲಿ ಊರೊಂದು ಹುಟ್ಟಿದ್ದಕ್ಕೆ ಕಾರಣ ಏರು. ಸುಮಾರು 75 ಅಡಿಗೆ ಒಂದು ಅಡಿಯಂತೆ ಮೈಲುಗಟ್ಟಲೆ ಏರುವ ಹಳಿಯ ಮೇಲೆ ಭಾರದ ಗಾಡಿಯನ್ನು ಒಂದೇ ಉಗಿ ಎಂಜಿನ್ ಎಳೆಯುವುದು ಕಷ್ಟ. ಸಕಲೇಶಪುರ ಘಾಟಿಯಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಅಲ್ಲಿನ ಯಡಕುಮೇರಿಯೂ ರೈಲನ್ನೇ ನಂಬಿದ ನಿಲ್ದಾಣವೇ, ಆದರೆ ಅದು ಜಂಕ್ಷನ್ ಅಲ್ಲ.) ಸಹಾಯಕ ಎಂಜಿನ್‌ಗಳಿಗೆ ಷೆಡ್ಡು, ನೀರು, ಕಲ್ಲಿದ್ದಲು ಬೇಕು, ಅವುಗಳಿಗೆ ಚಾಲಕರು ಮತ್ತು ಫೈರ್‌ಮನ್‌ಗಳು, ಹಳಿ ನೋಡಿಕೊಳ್ಳಲು ಗ್ಯಾಂಗ್‌ಮನ್‌ಗಳು, ಕವಲುಗಳಿಗೆ ಸಿಗ್ನಲ್ ಸಿಬ್ಬಂದಿ ಬೇಕು. ಇಷ್ಟು ಜನ ದಿನಾ ಬಂದು ಹೋಗಲು ಹತ್ತಿರದಲ್ಲಿ ಊರಿಲ್ಲವಾದ್ದರಿಂದ ಕಂಪನಿಯೇ ಮನೆಗಳನ್ನು ಕಟ್ಟಿಸಬೇಕಾಯಿತು. ಉಚ್ಛ್ರಾಯದಲ್ಲಿ ಅಲ್ಲಿ ಮೂವತ್ತಕ್ಕೂ ಹೆಚ್ಚು ಮನೆಗಳೂ ನೂರಕ್ಕೂ ಹೆಚ್ಚು ಜನರೂ ಇದ್ದರು. ಶಾಲೆಯಿತ್ತು, ಸಹಕಾರಿ ಕಿರಾಣಿ ಅಂಗಡಿ ಪ್ಲಾಟ್‌ಫಾರ್ಮಿನ ಮೇಲೆಯೇ ಇತ್ತು, ನಿಲ್ದಾಣದ ಉಪಾಹಾರ ಗೃಹವೇ ಊರಿನ ಮದ್ಯದಂಗಡಿಯೂ ಆಗಿತ್ತು. ವೈದ್ಯರು ಬರಬೇಕಾದರೂ ಹಳಿಯ ಮೇಲೆಯೇ ಬರಬೇಕು. ಇಲ್ಲಿ ಊರಿಗಾಗಿ ನಿಲ್ದಾಣ ಬಂದದ್ದಲ್ಲ, ನಿಲ್ದಾಣಕ್ಕಾಗಿ ಊರು ಬಂತು ಎಂಬುದೇ ತಮ್ಮ ಪ್ರಶ್ನೆಗೆ ನೇರ ಉತ್ತರ.

ಅದು ಮುಚ್ಚಿದ ಬಗೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಬಾರ್ಡರ್ ಕೌಂಟೀಸ್ ಮಾರ್ಗದ ಪ್ರಯಾಣಿಕ ಗಾಡಿಗಳು 1956ರ ಅಕ್ಟೋಬರಿನಲ್ಲಿ ನಿಂತವು; ಎರಡು ವರ್ಷಗಳೊಳಗೆ ಸರಕು ಗಾಡಿಗಳೂ ನಿಂತು, ಜಂಕ್ಷನ್ ಎಂಬುದು ಹೆಸರಿಗಷ್ಟೇ ಉಳಿಯಿತು. ಡೀಸೆಲ್ ಎಂಜಿನ್‌ಗಳು ಬಂದಂತೆ ಷೆಡ್ಡಿನ ಅಗತ್ಯ ಕುಗ್ಗಿ ಜನ ಚದುರಿದರು. ನಷ್ಟದ ಮಾರ್ಗಗಳನ್ನು ಮುಚ್ಚಲು ಬ್ರಿಟಿಷ್ ರೈಲ್ವೆಯ ಮುಖ್ಯಸ್ಥ ಬೀಚಿಂಗ್ ಕೊಟ್ಟ 1963ರ ವರದಿ ಇಡೀ ವೇವರ್ಲಿ ಮಾರ್ಗವನ್ನೇ ಮುಚ್ಚಬೇಕಾದವುಗಳ ಪಟ್ಟಿಗೆ ಸೇರಿಸಿತು. ಅರಣ್ಯದವರ ಕಚ್ಚಾ ಹಾದಿಯೊಂದು ರಿಕರ್ಟನ್‌ಗೆ ಬಂದದ್ದು ಆ ದಶಕದಲ್ಲಿ, ಅದನ್ನು ಬಳಸುವವರು ಬೆರಳೆಣಿಕೆಯಷ್ಟು ಉಳಿದಿದ್ದಾಗ.

1969ರ ಜನವರಿ 5ರ ರಾತ್ರಿ ಎಡಿನ್‌ಬರೋದಿಂದ ಲಂಡನ್‌ಗೆ ಹೊರಟ ಕೊನೆಯ ಗಾಡಿ ರಿಕರ್ಟನ್ ದಾಟಿ ಇಳಿದು ಬಂದಾಗ, ನ್ಯೂಕ್ಯಾಸಲ್‌ಟನ್‌ನ ಜನ ಲೆವೆಲ್ ಕ್ರಾಸಿಂಗ್ ಗೇಟುಗಳನ್ನು ಮುಚ್ಚಿ ತಡೆದು ನಿಂತರು. ಊರಿನ ಪಾದ್ರಿಯ ಬಂಧನವಾಯಿತು. ಅದೇ ಗಾಡಿಯಲ್ಲಿದ್ದ ಸಂಸದ ಡೇವಿಡ್ ಸ್ಟೀಲ್ ಸಂಧಾನ ನಡೆಸಿದ ಮೇಲೆ ದಾರಿ ತೆರೆಯಿತು. ಪ್ರತಿಭಟನೆ ನಡೆದದ್ದು ನ್ಯೂಕ್ಯಾಸಲ್‌ಟನ್‌ನಲ್ಲಿ ಎಂಬುದನ್ನು ಗಮನಿಸಬೇಕು. ರಿಕರ್ಟನ್‌ನಲ್ಲಿ ಗಾಡಿ ತಡೆಯುವಷ್ಟು ಜನ ಆಗ ಉಳಿದಿರಲಿಲ್ಲ.

1970ರ ದಶಕದ ಆರಂಭದಲ್ಲಿ ಹಳಿಗಳನ್ನು ಕಿತ್ತರು. ಪ್ಲಾಶೆಟ್ಸ್ ಬಳಿಯ ಹಾದಿ ಈಗ ಕೀಲ್ಡರ್ ಜಲಾಶಯದ ತಳದಲ್ಲಿದೆ. 2015ರಲ್ಲಿ ಎಡಿನ್‌ಬರೋ ಕಡೆಯಿಂದ ರೈಲು ಮರಳಿ ಬಂತಾದರೂ ಅದು ಟ್ವೀಡ್‌ಬ್ಯಾಂಕ್‌ಗೆ ನಿಂತಿತು. ರಿಕರ್ಟನ್ ಇರುವುದು ಅಲ್ಲಿಂದ ಇನ್ನೂ ದೂರ ದಕ್ಷಿಣಕ್ಕೆ, ನೆಡುತೋಪಿನ ನಡುವೆ.