ಬಾಳೆಹಣ್ಣು ಹುಟ್ಟುಹಾಕಿದ ತಕರಾರು

ಜೇನ್ ಗುಡಾಲ್ ಟಾಂಜಾನಿಯಾದ ಗೋಂಬೆ ಕಾಡಿನಲ್ಲಿ ಕಂಡದ್ದು ಚಿಂಪಾಂಜಿಗಳ ಸಹಜ ಬದುಕನ್ನೋ, ಬಾಳೆಹಣ್ಣಿನ ರುಚಿ ಹತ್ತಿದ ಚಿಂಪಾಂಜಿಗಳ ಬದುಕನ್ನೋ? 2025ರ ಅಕ್ಟೋಬರ್ 1ರಂದು 91ನೇ ವಯಸ್ಸಿನಲ್ಲಿ ತೀರಿಕೊಂಡ ಈ ವಿಜ್ಞಾನಿಯನ್ನು ಈ ಪ್ರಶ್ನೆ ದಶಕಗಳ ಕಾಲ ಕಾಡಿತು.

1960ರ ಜುಲೈನಲ್ಲಿ ಪದವಿಯೂ ಇಲ್ಲದ 26ರ ತರುಣಿ ತಾಯಿಯೊಂದಿಗೆ ಟ್ಯಾಂಗನಿಕಾ ಸರೋವರದ ದಂಡೆಯಲ್ಲಿ ಇಳಿದರು. ಅದೇ ವರ್ಷ ಚಿಂಪಾಂಜಿ ಹುಲ್ಲುಕಡ್ಡಿ ತೂರಿಸಿ ಗೆದ್ದಲು ತಿನ್ನುವುದನ್ನು ಕಂಡರು, ಆ ದಶಕದಲ್ಲೇ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಮೊದಮೊದಲು ಚಿಂಪಾಂಜಿಗಳು ನೂರಾರು ಗಜ ದೂರದಿಂದಲೇ ಓಡಿಹೋಗುತ್ತಿದ್ದವು. ಧೈರ್ಯ ಮಾಡಿ ಬಿಡಾರಕ್ಕೆ ಬಂದದ್ದು ಡೇವಿಡ್ ಗ್ರೇಬಿಯರ್ಡ್ ಎಂಬ ಗಂಡು; ಅಲ್ಲಿದ್ದ ಬಾಳೆಹಣ್ಣನ್ನು ಎತ್ತಿಕೊಂಡು ಹೋಯಿತು. ಹಣ್ಣು ಇಡುವುದು ರೂಢಿಯಾಯಿತು. ಉಳಿದವೂ ಬಂದವು, ಛಾಯಾಗ್ರಾಹಕ ಹ್ಯೂಗೊ ವಾನ್ ಲಾವಿಕ್ ಅವರ ಕ್ಯಾಮೆರಾಕ್ಕೆ ಸಿಕ್ಕವು. ತಾಯಿ-ಮರಿಗಳ ನಂಟು, ಗಂಡುಗಳ ಮೇಲಾಟ ಎಲ್ಲವೂ ದಾಖಲಾದವು. ಬಬೂನ್‌ಗಳೂ ಬಂದವು. ಕಾಡಿನಲ್ಲಿ ಚದುರಿ ಮೇಯುವ ಪ್ರಾಣಿಗಳು ಒಂದೇ ಅಂಗಳದಲ್ಲಿ ಕಾದು ಕುಳಿತರೆ ಕಿತ್ತಾಟವಾಗದೆ ಇರುತ್ತದೆಯೇ? ಬಿಡಾರದ ಖಾಲಿ ಸೀಮೆಎಣ್ಣೆ ಡಬ್ಬಗಳನ್ನು ದಡಬಡ ಉರುಳಿಸಿ, ಮಿಕ್ಕವನ್ನು ಹೆದರಿಸಿ ಮೈಕ್ ಎಂಬ ಗಂಡು ಯಜಮಾನಿಕೆ ಗಿಟ್ಟಿಸಿದ್ದೂ ಇಲ್ಲೇ. ಹಾಗೆಂದು ಹಣ್ಣು ಬರೀ ಕೇಡನ್ನೇ ಮಾಡಲಿಲ್ಲ: 1966ರಲ್ಲಿ ಪೋಲಿಯೊ ಹರಡಿದಾಗ ಲಸಿಕೆ ನುಂಗಿಸಿದ್ದು ಬಾಳೆಹಣ್ಣಿನಲ್ಲಿಟ್ಟೇ. 60ರ ದಶಕದ ಕೊನೆಗೆ ಹಣ್ಣು ಇಡುವುದು ಕಡಿಮೆಯಾಯಿತು, 2000ದಲ್ಲಿ ಪೂರ್ತಿ ನಿಂತಿತು.

ತಕರಾರು ಬಿಗಿಯಾದದ್ದು 1974ರ ನಂತರ. ಕಸಕೆಲಾ ಗುಂಪಿನ ಗಂಡುಗಳು, ತಮ್ಮಿಂದಲೇ ಒಡೆದುಹೋಗಿದ್ದ ಕಹಾಮಾ ಗುಂಪಿನ ಗಂಡುಗಳ ಮೇಲೆ ಒಂದೊಂದಾಗಿ ಎರಗಿದವು. ನಾಲ್ಕು ವರ್ಷದಲ್ಲಿ ಆ ಗುಂಪೇ ಅಳಿಯಿತು. ಹಣ್ಣಿನ ಆಸೆ ಹಚ್ಚಿ ಮನುಷ್ಯರೇ ಕೆಡಿಸಿದರು ಎಂಬ ಮಾತು ಎದ್ದಿತು. ಹಣ್ಣು ಇಟ್ಟಲ್ಲಿ ಜಗಳ ಹೆಚ್ಚುತ್ತದೆಂದು ಗೋಂಬೆಯಲ್ಲೇ ಅಧ್ಯಯನ ಮಾಡಿದ್ದ ರಿಚರ್ಡ್ ರಾಂಗಮ್ 1974ರಲ್ಲೇ ಬರೆದಿದ್ದರು. ಆದರೆ ತಿನಿಸಿಗಾಗಿ ಕಚ್ಚಾಡುವುದು ಬೇರೆ, ಗಡಿ ದಾಟಿ ಹೋಗಿ ಕೊಲ್ಲುವುದು ಬೇರೆ. ವಾದದ ಬಿಸಿಯಲ್ಲಿ ಎರಡೂ ಕಲಸಿಹೋದವು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18 ಚಿಂಪಾಂಜಿ ಸಮುದಾಯಗಳನ್ನು ಹೋಲಿಸಿತು. ಕಂಡದ್ದು, ಊಹಿಸಿದ್ದು, ಶಂಕಿಸಿದ್ದು ಸೇರಿ 152 ಕೊಲೆಗಳು. ಗಂಡುಗಳು ಹೆಚ್ಚಿದ್ದ, ದಟ್ಟಣೆ ಇದ್ದ ಕಡೆ ಕೊಲೆಯೂ ಹೆಚ್ಚು. ಮನುಷ್ಯರ ಹಸ್ತಕ್ಷೇಪದೊಂದಿಗೆ ತಾಳೆಯಾಗಲಿಲ್ಲ. ಯಾರೂ ಹಣ್ಣು ಇಡದ ಉಗಾಂಡಾದ ನ್ಗೋಗೊ ಸಮುದಾಯವೇ ಕೊಲೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು.

ಹಸ್ತಕ್ಷೇಪವನ್ನು ಅಳೆದ ಬಗೆಯೇ ಸರಿಯಿಲ್ಲ ಎನ್ನುವವರು ಈಗಲೂ ಇದ್ದಾರೆ. ಇಂದಿನ ತಂಡಗಳು ಸಾಮಾನ್ಯವಾಗಿ ಹಣ್ಣು ಇಡದೆ, ವರ್ಷಗಟ್ಟಲೆ ಹಿಂಬಾಲಿಸಿ ಪ್ರಾಣಿಗಳ ಅಂಜಿಕೆ ಬಿಡಿಸುತ್ತವೆ. ಹಾಗೆ ವರ್ಷಗಟ್ಟಲೆ ಕಾಯಲು ಗುಡಾಲ್ ಕೈಗೆ ಮೊದಲು ಸಿಕ್ಕಿದ್ದು ಮಾತ್ರ ಕೆಲವೇ ತಿಂಗಳಿಗೆ ಸಾಲುವ ಹಣ.